ಒಪ್ಪಿಸದೆ ಬಿಟ್ಟ ವಾರ್ಡು

ಮಾರ್ಚ್ ೩

ಅಮ್ಮಾ,

ನಾನಿಲ್ಲಿ ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ ಅಂತ ಗೊತ್ತು, ಆದ್ದರಿಂದ ಕೇಳುವುದಿಲ್ಲ.

ಫೋನ್ ಮಾಡಿದರೆ ನಾಲ್ಕನೇ ಮಾತಿಗೆ ಜಗಳ, ಐದನೇ ಮಾತಿಗೆ ನೀನು ಇಟ್ಟುಬಿಡುತ್ತೀಯ. ಹೋದ ಸಲವಂತೂ "ಹೇಳೋದಿದ್ರೆ ಬರೆದು ಕೊಡು" ಅಂದೆ. ಹೆತ್ತ ಮಗಳಿಗೂ ಮೆಮೊ ಕೊಡುವ ಮೇಟ್ರನ್ ಈ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಸರಿ, ಬರೆದು ಕೊಡುತ್ತಿದ್ದೇನೆ.

ಈ ಪರದೇಶದ ಊರಿಗೆ ಬಂದು ವರ್ಷವಾಗುತ್ತಾ ಬಂತು. ಆರು ವರ್ಷ ನರ್ಸಾಗಿದ್ದವಳು ಇಲ್ಲಿ ನರ್ಸಲ್ಲ. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಲ್ಲಿ ಸಹಾಯಕಿ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು. ಆ ಕೆಲಸದ ಬಗ್ಗೆ ನನ್ನ ತಕರಾರಿಲ್ಲ, ಅದನ್ನೂ ನೀನೇ ಕಲಿಸಿದ್ದು. ಆದರೆ ಹೋದ ವಾರ ಒಬ್ಬ ಅಜ್ಜಿ ಕೂತಲ್ಲೇ ಬೆವರುತ್ತಿದ್ದಳು ಅಂತ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಮೇಲ್ವಿಚಾರಕಿ ಹಿಂದಿನಿಂದ ಬಂದು, "ಅದು ನಿನ್ನ ಕೆಲಸ ಅಲ್ಲ, ಕೈ ತೆಗಿ" ಅಂದಳು. ಅವಳು ಹೇಳಿದ್ದು ನಿಯಮ. ಅವಳೇ ನಾಡಿ ನೋಡಿದಳು, ಡಾಕ್ಟರನ್ನೂ ಕರೆಸಿದಳು, ಎಲ್ಲ ಸರಿಯಾಗಿಯೇ ಮಾಡಿದಳು. ಆದರೂ ನನ್ನ ಕೈ ಹಿಂದಕ್ಕೆ ತೆಗೆದುಕೊಳ್ಳುವಾಗ ಮೈಯೆಲ್ಲ ಉರಿಯಿತು.

ಲೈಸೆನ್ಸಿಗೆ ಬೇಕಾದದ್ದೆಲ್ಲ ಮಾಡಿದ್ದೇನೆ. ಇಲ್ಲಿಯ ಭಾಷೆಯ ಪರೀಕ್ಷೆ ಪಾಸು. ಬರೆಯುವ ಪರೀಕ್ಷೆ ಪಾಸು. ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಮೊದಲ ಸಲ ಫೇಲ್ ಮಾಡಿದರು. ಯಾಕೆ ಗೊತ್ತಾ? ಪ್ಲಾಸ್ಟಿಕ್ ಬೊಂಬೆಗೆ ಸೂಜಿ ಚುಚ್ಚುವ ಮುಂಚೆ ನಾನು ಯಾರು ಅಂತ ಅದಕ್ಕೆ ಹೇಳಿ, "ಚುಚ್ಚಲಾ?" ಅಂತ ಅದರ ಒಪ್ಪಿಗೆ ಕೇಳಲಿಲ್ಲವಂತೆ. ಎರಡನೇ ಸಲ ಬೊಂಬೆಯ ಯೋಗಕ್ಷೇಮವನ್ನೆಲ್ಲ ವಿಚಾರಿಸಿದೆ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಅಂತಲೂ ಕೇಳಿದೆ. ಪಾಸು.

ಈಗ ಬಾಕಿ ಇರುವುದು ಒಂದೇ. ಹಿಂದೆ ಕೆಲಸ ಮಾಡಿದ ಆಸ್ಪತ್ರೆಯ ಮೇಟ್ರನ್ ನನ್ನ ಕೆಲಸದ ಬಗ್ಗೆ, ನಡತೆಯ ಬಗ್ಗೆ ಒಂದು ಫಾರಂ ತುಂಬಿ ನೇರವಾಗಿ ಇಲ್ಲಿಯ ನರ್ಸಿಂಗ್ ಕೌನ್ಸಿಲ್‌ಗೆ ಕಳಿಸಬೇಕು. ಆ ಮೇಟ್ರನ್ ನೀನು. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಜನವರಿಯಲ್ಲೇ ನಿನಗೆ ಕಳಿಸಿದ್ದಾರಂತೆ. ನಾನು ಹೋಗಿ ಹೋಗಿ ಕೇಳಿದರೆ ಕೌಂಟರಿನ ಗುಮಾಸ್ತ ತಲೆ ಎತ್ತದೆ "ಇನ್ನೂ ಬಂದಿಲ್ಲ" ಅನ್ನುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು.

ಇಲ್ಲಿಯ ದೊಡ್ಡ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ನನಗೆ ಕೆಲಸ ಕೊಡಲು ಒಪ್ಪಿದ್ದಾರೆ. ಲೈಸೆನ್ಸ್ ಕೈಗೆ ಬಂದರೆ ಮಾತ್ರ. ಮೇ ತಿಂಗಳ ಕೊನೆಯವರೆಗೆ ಜಾಗ ಹಿಡಿದಿಡುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಅಂದಿದ್ದಾರೆ ಅಲ್ಲಿಯ ಹಿರಿಯ ಸಿಸ್ಟರ್. ಮಗಳು ಸೋತು ಮನೆಗೆ ವಾಪಸ್ ಬರಲಿ ಅಂತ ನೀನು ಆ ಫಾರಂ ಮೇಲೆ ಕೂತಿದ್ದರೆ, ಎದ್ದೇಳು. ನಾನು ಬರುವುದಿಲ್ಲ.

ನಿನ್ನ ಮಗಳು


ಮಾರ್ಚ್ ೧೪

ಮಗಳಿಗೆ,

ನೀನು ಕೇಳದಿದ್ದರೂ ಹೇಳುತ್ತೇನೆ, ನಾನು ಕ್ಷೇಮ. ಮಂಡಿ ನೋಯುತ್ತದೆ, ನೋಯಲಿ, ಅದಕ್ಕೂ ವಯಸ್ಸಾಯಿತು.

ಫಾರಂ ಮೇಲೆ ನಾನು ಕೂತಿಲ್ಲ. ಕೂರುವುದಕ್ಕೆ ನನಗೆ ಪುರುಸೊತ್ತಾದರೂ ಎಲ್ಲಿದೆ? ಫಾರಂ ಬಂದ ದಿನವೇ ನಿಮ್ಮ ಕೌನ್ಸಿಲ್‌ಗೆ ಬರೆದೆ. ಈ ನರ್ಸು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನಾನೇ ತುಂಬಬಹುದೋ, ಬೇರೆಯವರು ತುಂಬಬೇಕೋ ಅಂತ ಕೇಳಿದೆ. ಮೇಟ್ರನ್ ಯಾರೋ ಅವರೇ ತುಂಬಬೇಕು, ಸಂಬಂಧ ನಮಗೆ ಬೇಡ ಅಂತ ಉತ್ತರ ಬಂದದ್ದು ಹೋದ ವಾರ. ತುಂಬಿ ನಿನ್ನೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಕೆಳಗೆ "ಮೇಲೆ ಬರೆದಿರುವುದೆಲ್ಲ ಸತ್ಯ" ಅಂತ ಸಹಿ ಮಾಡಬೇಕಿತ್ತು, ಮಾಡಿದ್ದೇನೆ.

ನಿಮ್ಮಪ್ಪನ ಹೊಲಿಗೆ ಮೆಷಿನ್ ಕೊಳ್ಳಲು ಒಬ್ಬ ಬಂದಿದ್ದ. ಇಲ್ಲ ಅಂದೆ. ಯಾಕೆ ಇಟ್ಟುಕೊಂಡಿದ್ದೀರಿ, ನಿಮಗೆ ಹೊಲಿಯೋಕೆ ಬರುತ್ತಾ ಅಂದ. ನನಗೆ ಬೈಯಲು ಬರುತ್ತದೆ ಅಂದೆ. ಹೋದ.

ನಿಂತು ಮಾಡುವ ಕೆಲಸ, ಒಳ್ಳೆ ಶೂ ಹಾಕಿಕೋ. ಚಂದಕ್ಕೆ ಅಂತ ಬಿಗಿಯಾದದ್ದು ಬೇಡ.

ಅಮ್ಮ


ಏಪ್ರಿಲ್ ೨

ಮೇಟ್ರನ್ ಅವರಿಗೆ,

ಅಮ್ಮಾ ಅಂತ ಬರೆಯಲು ಕೈ ಏಳಲಿಲ್ಲ.

ಇವತ್ತು ಕೌನ್ಸಿಲ್‌ಗೆ ಹೋಗಿದ್ದೆ. ಲೈಸೆನ್ಸ್ ತೆಗೆದುಕೊಂಡು ಬರುತ್ತೇನೆ ಅಂತ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿದ್ದೆ, ನನ್ನ ಹುಚ್ಚಿಗೆ. ಆ ಗುಮಾಸ್ತ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ. ಕಾಗದ ನನ್ನ ಕಡೆ ತಿರುಗಿಸಿ ಒಂದು ಕಡೆ ಬೆರಳಿಟ್ಟ. ಒಂಬತ್ತನೇ ಪ್ರಶ್ನೆ. "ಈ ನರ್ಸು ಎಂದಾದರೂ ಡ್ಯೂಟಿಯ ಮಧ್ಯೆ, ರೋಗಿಗಳನ್ನು ಬೇರೊಬ್ಬರಿಗೆ ಒಪ್ಪಿಸದೆ, ವಾರ್ಡು ಬಿಟ್ಟು ಹೋಗಿದ್ದುಂಟೇ?" ಅದರ ಮುಂದೆ ನಿನ್ನ ಗುಂಡು ಅಕ್ಷರ. ಹೌದು, ಒಂದು ಸಲ.

"ಇದು ಸಣ್ಣ ವಿಷಯ ಅಲ್ಲ ಮೇಡಂ, ವಿಚಾರಣೆ ಆಗ್ಬೇಕಾಗುತ್ತೆ" ಅಂದ. ನನ್ನ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

ಯಾವ ಒಂದು ಸಲ ಅಂತ ಬರೆಯಲು ನಿನಗೆ ಜಾಗ ಸಾಲಲಿಲ್ಲವಾ? ನಾನು ಬರೆಯುತ್ತೇನೆ, ನನ್ನ ಹತ್ತಿರ ಬೇಕಾದಷ್ಟು ಕಾಗದ ಇದೆ. ಅಪ್ಪ ಮೂರನೇ ಮಹಡಿಯಲ್ಲಿ ಮಲಗಿ ವಾರವಾಗಿತ್ತು. ನಾನು ಕೆಳಗೆ ಗಂಡಸರ ಸರ್ಜಿಕಲ್ ವಾರ್ಡಿನಲ್ಲಿದ್ದೆ. ಬೆಳಗಿನ ಡ್ರೆಸಿಂಗ್ ನಡೆಯುತ್ತಿದ್ದಾಗ ಆಯಾ ಓಡಿ ಬಂದು, "ಬೇಗ ಬನ್ನಿ ಸಿಸ್ಟರ್, ನಿಮ್ಮಪ್ಪಂಗೆ ಉಸಿರು ಸಿಗ್ತಾ ಇಲ್ಲ" ಅಂದಳು. ಪಕ್ಕದಲ್ಲಿದ್ದ ಹೊಸ ಹುಡುಗಿಗೆ "ನೋಡ್ಕೋ" ಅಂತ ಹೇಳಿ ಓಡಿದೆ. ಅವರ ಕೊನೆಯ ಉಸಿರಿಗೆ ನಾನಿದ್ದೆ.

ನೀನೆಲ್ಲಿದ್ದೆ? ನಿನ್ನ ಕೋಣೆ ಇದ್ದದ್ದು ಮೊದಲನೇ ಮಹಡಿಯಲ್ಲಿ. ನನಗಿಂತ ಮುಂಚೆ ನಿನಗೆ ಹೇಳಿಯೇ ಆಯಾ ಕೆಳಗೆ ಬಂದದ್ದು, ನಾನು ಕೇಳಿ ತಿಳಿದುಕೊಂಡಿದ್ದೇನೆ. ನೀನು ಬಂದದ್ದು ಅವರ ಮುಖದ ಮೇಲೆ ಹೊದಿಕೆ ಎಳೆದ ಮೇಲೆ. ಯೂನಿಫಾರ್ಮಿನ ತೋಳು ಮಡಚಿಕೊಂಡು ಬಂದೆ, ಯಾವುದೋ ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ಬಂದವಳ ಹಾಗೆ. ಆವತ್ತೇ ನನ್ನ ಮನಸ್ಸಿನಲ್ಲಿ ಮುಗಿಯಿತು. ಈ ಹೆಂಗಸಿಗೆ ಆಸ್ಪತ್ರೆಯೇ ಗಂಡ, ಆಸ್ಪತ್ರೆಯೇ ಮಗಳು ಅಂದುಕೊಂಡೆ. ಬೆನ್ನ ಹಿಂದೆ ನಿನ್ನನ್ನು ಎಲ್ಲರೂ "ದೊಡ್ಡ ಗಂಟೆ" ಅನ್ನುತ್ತಿದ್ದರು, ಗೊತ್ತಾ? ಗಂಟೆಯ ಹೊಟ್ಟೆಯೊಳಗೆ ಒಂದು ಕಬ್ಬಿಣದ ನಾಲಗೆ ಬಿಟ್ಟರೆ ಇನ್ನೇನೂ ಇರುವುದಿಲ್ಲ.

ಗಂಡನ ಹತ್ತಿರ ಬರದವಳು, ಬಂದವಳನ್ನು ಓಡಿಹೋದವಳು ಅಂತ ಬರೆದು ಸಹಿ ಮಾಡಿ ಕಳಿಸುತ್ತಾಳೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದು.

ನಿನ್ನಿಂದ ನನಗೆ ಒಂದೇ ಒಂದು ಸಾಲು ಬೇಕು. "ಒಂಬತ್ತನೇ ಉತ್ತರ ಕಣ್ತಪ್ಪಿನಿಂದ ಆದದ್ದು, ಇಲ್ಲ ಅಂತ ಓದಿಕೊಳ್ಳಿ" ಅಂತ ಕೌನ್ಸಿಲ್‌ಗೆ ಬರೆ. ವಿಚಾರಣೆ ತಪ್ಪುತ್ತದೆ, ಮೇ ಒಳಗೆ ಲೈಸೆನ್ಸ್ ಸಿಗುತ್ತದೆ, ನನ್ನ ಕೆಲಸ ಉಳಿಯುತ್ತದೆ. ಆಮೇಲೆ ನಿನ್ನನ್ನು ಏನೂ ಕೇಳುವುದಿಲ್ಲ.

ನಿಮ್ಮ ಆಸ್ಪತ್ರೆಯ ಮಾಜಿ ಸ್ಟಾಫ್ ನರ್ಸ್


ಏಪ್ರಿಲ್ ೧೫

ಮಗಳಿಗೆ,

ಮೇಟ್ರನ್ ಅವರಿಗೆ ಅಂತ ಬರೆದಿದ್ದೀಯ. ಹಾಗಾದರೆ ಮೊದಲು ಮೇಟ್ರನ್ ಆಗಿಯೇ ಹೇಳುತ್ತೇನೆ. ಉತ್ತರ ಬದಲಾಗುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ. ಈ ಎದೆ ನಿನ್ನ ಒದೆತವನ್ನು ಮೊದಲೂ ತಿಂದಿದೆ.

ಇನ್ನು ನಾನೆಲ್ಲಿದ್ದೆ ಅನ್ನುವ ಪ್ರಶ್ನೆ. ಇಷ್ಟು ದಿನ ನೀನು ಅದನ್ನು ಮುಖದಲ್ಲಿ ಇಟ್ಟುಕೊಂಡು ಓಡಾಡಿದೆ, ಬಾಯಿಬಿಟ್ಟು ಕೇಳಲಿಲ್ಲ. ಈಗ ಕೇಳಿದ್ದೀಯ, ಕೇಳಿಸಿಕೋ.

ಆಯಾ ಬಂದು ಹೇಳಿದ ತಕ್ಷಣ ಎದ್ದೆ. ಮಂಡಿ ಹಿಡಿದುಕೊಂಡು ನನ್ನ ಕೋಣೆ ಪಕ್ಕದ ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿ ಬಂದಿತ್ತು. ಕೆಳಗಿನಿಂದ ನಿನ್ನ ವಾರ್ಡಿನ ಹೊಸ ಹುಡುಗಿ ಅಳುತ್ತಾ ಕೂಗಿಕೊಂಡು ಬಂದಳು. "ಮೇಟ್ರನ್, ಬೀಗದ ಕೈ ಇಲ್ಲ, ಅಕ್ಕ ಜೇಬಲ್ಲೇ ಇಟ್ಕೊಂಡು ಹೋಗ್ಬಿಟ್ಟಿದ್ದಾರೆ." ನೋವಿನ ಔಷಧಿಯ ಕಪಾಟಿನ ಬೀಗದ ಕೈ, ವಾರ್ಡಿಗೆ ಇರುವುದೇ ಒಂದು. ಹೋಗುವ ನರ್ಸು ಬರುವ ನರ್ಸನ್ನು ಮಂಚದಿಂದ ಮಂಚಕ್ಕೆ ಕರೆದುಕೊಂಡು ಹೋಗಿ, ಒಬ್ಬೊಬ್ಬ ರೋಗಿಯನ್ನೂ ಒಪ್ಪಿಸಿ, ಕೊನೆಗೆ ಬೀಗದ ಕೈಯನ್ನು ಕೈಯಲ್ಲಿಟ್ಟು ಹೋಗಬೇಕು ಅಂತ ನಾನು ಬಾಯಿ ಹರಿಯುವ ಹಾಗೆ ಹೇಳುತ್ತಿದ್ದದ್ದು ನಿಮ್ಮನ್ನ ಗೋಳು ಹುಯ್ದುಕೊಳ್ಳಲು ಅಂದುಕೊಂಡಿದ್ದೆಯಾ?

ಬಾಗಿಲ ಪಕ್ಕದ ಮಂಚದಲ್ಲಿ ಹಿಂದಿನ ರಾತ್ರಿಯಷ್ಟೇ ಹೊಟ್ಟೆ ಆಪರೇಷನ್ ಆದವನೊಬ್ಬನಿದ್ದ. ಅರಿವಳಿಕೆಯ ಮತ್ತು ಇಳಿದು, ನೋವು ತಡೆಯಲಾರದೆ ಎದ್ದು ಕೂರಲು ಹೋಗಿ ಹೊಲಿಗೆ ಬಿಚ್ಚಿಕೊಂಡಿದ್ದ. ಆ ಹುಡುಗಿ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಮೆಟ್ಟಿಲ ಮೇಲೆ ನಿಂತೆ. ಮೇಲೆ ನನ್ನ ಗಂಡ, ಕೆಳಗೆ ಯಾರೋ ಒಬ್ಬ. ಮೇಲೆ ಅವರ ಜೊತೆ ನೀನಿದ್ದೆ. ಕೆಳಗೆ ಅವನ ಜೊತೆ ಯಾರೂ ಇರಲಿಲ್ಲ. ಇಳಿದೆ.

ಯಾರನ್ನಾದರೂ ಮೇಲೆ ಓಡಿಸಿ ನಿನ್ನಿಂದ ಬೀಗದ ಕೈ ತರಿಸಬಹುದಿತ್ತು ಅನ್ನುತ್ತೀಯ. ಓಡಿಸಿ ಏನಂತ ಹೇಳಿಸಲಿ? ಅಪ್ಪನ ಕೈ ಬಿಟ್ಟು ಬೀಗದ ಕೈ ಕೊಡು ಅಂತಲಾ? ಪಕ್ಕದ ವಾರ್ಡಿನಿಂದ ಔಷಧಿ ತರಿಸಿದೆ. ಅದು ಬಂದು, ಡಾಕ್ಟರು ಬಂದು ಮತ್ತೆ ಹೊಲಿಯುವ ತನಕ ಅವನ ಹೊಟ್ಟೆಯ ಮೇಲೆ ಎರಡೂ ಕೈ ಒತ್ತಿಕೊಂಡು ನಿಂತಿದ್ದೆ. ತೋಳು ಮಡಚಿದ್ದು ಅದಕ್ಕೆ.

ಬೀಗದ ಕೈ ಆವತ್ತು ಸಂಜೆ ಮನೆಯಲ್ಲಿ ನಿನ್ನ ಯೂನಿಫಾರ್ಮಿನ ಜೇಬಿನಲ್ಲಿ ನನಗೆ ಸಿಕ್ಕಿತು. ಮಾರನೇ ದಿನ ನಾನೇ ಕೊಟ್ಟು ಬಂದೆ. ಈ ವಿಷಯ ಯಾರೂ ಎತ್ತಕೂಡದು ಅಂದೆ. ನಿನ್ನ ಮೇಲೆ ಬರೆಯಬೇಕಾಗಿದ್ದ ವರದಿಯನ್ನು ಬರೆಯಲಿಲ್ಲ. ನನ್ನ ನೌಕರಿಯಲ್ಲಿ ನಾನು ಬರೆಯದೆ ಬಿಟ್ಟ ವರದಿ ಅದೊಂದೇ. ಈಗ ಸತ್ಯ ಅಂತ ಸಹಿ ಮಾಡುವ ಕಾಗದದಲ್ಲಿ ಸುಳ್ಳು ಬರೆ ಅಂತ ಕೇಳಬೇಡ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ.

ಅಮ್ಮ


ಮೇ ೬

ಅಮ್ಮಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಓದುತ್ತೇನೆ, ಮಡಚಿಡುತ್ತೇನೆ, ಮತ್ತೆ ಓದುತ್ತೇನೆ. ನನ್ನ ಜೊತೆ ರೂಮಿನಲ್ಲಿರುವವಳು ಒಂದು ಶಾಲೆಯಲ್ಲಿ ಅಡುಗೆಯವಳು. ನನ್ನ ಮುಖ ನೋಡಿ "ಯಾರು ತೀರ್ಕೊಂಡ್ರು?" ಅಂದಳು. "ಯಾರೂ ಇಲ್ಲ, ಹಳೇದು" ಅಂದೆ. "ಹಳೇದಾದ್ರೆ ಇಷ್ಟು ಬಿಸಿ ಯಾಕಿದೆ?" ಅಂದಳು.

ಆ ಮನುಷ್ಯನ ಮುಖ ನನಗೆ ನೆನಪಿದೆ. ಅವನು ಉಳಿದನಾ ಇಲ್ಲವಾ ಅಂತ ನೀನು ಬರೆದಿಲ್ಲ. ಬರೆ.

ಆದರೆ ನಾನು ತಣ್ಣಗಾದೆ ಅಂದುಕೊಳ್ಳಬೇಡ. ಮೊದಲು ನಿನ್ನ ಮೇಲೆ ಒಂದು ಕೋಪ ಇತ್ತು, ಈಗ ಎರಡಾಗಿವೆ. ಇದನ್ನು ಮುಚ್ಚಿಡಲು ನಿನಗೆ ಯಾರು ಅಧಿಕಾರ ಕೊಟ್ಟರು? ಒಂದೇ ಮನೆಯಲ್ಲಿ ತಿಂಗಳುಗಟ್ಟಲೆ ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೆ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ತಿನ್ನುವುದನ್ನು ನೀನು ನೋಡುತ್ತಿದ್ದೆ. ಕೆಲಸ ಬಿಟ್ಟು ಪೆಟ್ಟಿಗೆ ಕಟ್ಟುವಾಗ ಬಾಗಿಲಲ್ಲಿ ನಿಂತು "ಸ್ವೆಟರ್ ಇಟ್ಕೋ" ಅಂದೆ. ಸ್ವೆಟರ್! ಆಗ ಹೇಳಲು ನಿನಗೆ ಬೇರೆ ಮಾತಿತ್ತಲ್ಲ! ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ, ನಾನು ಅತ್ತು ಸುಮ್ಮನಾಗುತ್ತಿದ್ದೆ. ನೀನು ಅದನ್ನು ತ್ಯಾಗ ಅಂದುಕೊಂಡಿರಬಹುದು. ಅದು ಜಂಬ. ನೋವಾಗಬಾರದು ಅಂತ ಸುಳ್ಳು ಹೇಳಿ ಮಲಗಿಸಲು ನಾನು ನಿನ್ನ ವಾರ್ಡಿನ ರೋಗಿಯಲ್ಲ, ಮಗಳು.

ವಿಚಾರಣೆಯ ದಿನ ಗೊತ್ತಾಗಿದೆ, ಜೂನ್‌ನಲ್ಲಿ. ಸರ್ಜಿಕಲ್ ವಾರ್ಡಿನ ಸಿಸ್ಟರ್‌ಗೆ ಇನ್ನೊಂದು ತಿಂಗಳು ಕಾಯಿರಿ ಅಂತ ಕೇಳಿಕೊಂಡೆ. ಆಗಲ್ಲಮ್ಮ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಿಚಾರಣೆಯಲ್ಲಿ ಸೋತರೆ ಬೇರೆ ಎಲ್ಲೂ ನನ್ನನ್ನು ನರ್ಸು ಅಂತ ಸೇರಿಸುವುದಿಲ್ಲ. "ಇನ್ನೊಂದು ಸಿಗುತ್ತದೆ" ಅಂತ ಬರೆಯುವುದು ನಿನಗೆ ಸುಲಭ.

ಮಗಳು


ಜುಲೈ ೧೯

ಅಮ್ಮಾ,

ವಿಚಾರಣೆ ಆಯಿತು. ಆಗಲೇ ಬರೆಯಬೇಕಿತ್ತು, ಬೇಕೆಂದೇ ಬರೆಯಲಿಲ್ಲ. ನೀನೂ ಸ್ವಲ್ಪ ಕಾಯಲಿ ಅಂತ.

ಉದ್ದ ಮೇಜು, ಆ ಕಡೆ ಮೂವರು. ಮಧ್ಯದಲ್ಲಿ ನಿವೃತ್ತಿಯಾದ ನರ್ಸೊಬ್ಬರು, ಅವರ ಪಕ್ಕ ಒಬ್ಬ ವಕೀಲ, ಇನ್ನೊಂದು ಪಕ್ಕ ಸುಮ್ಮನೆ ನೀರು ಕುಡಿಯುತ್ತಿದ್ದ ಒಬ್ಬರು. ಅವರು ಕೊನೆಯವರೆಗೂ ಬರೀ ನೀರು ಕುಡಿದರು. ವಕೀಲ ಕಾಗದ ಎತ್ತಿ ಹಿಡಿದು, "ಇದಕ್ಕೆ ಸಹಿ ಮಾಡಿದೋರು ನಿಮಗೆ ಏನಾಗ್ಬೇಕು?" ಅಂದ. "ತಾಯಿ" ಅಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಅವನು ಮುಂದಕ್ಕೆ ಬಾಗಿ ಮೆತ್ತಗೆ ಕೇಳಿದ. "ನಿಮ್ಮಿಬ್ಬರ ಮಧ್ಯೆ ಏನಾದ್ರೂ ಮನಸ್ತಾಪ ಇದೆಯಾ? ಹಾಗೇನಾದ್ರೂ ಇದ್ರೆ ಹೇಳಿ. ದ್ವೇಷದಿಂದ ಬರೆದದ್ದು ಅಂತಾದ್ರೆ ಈ ಉತ್ತರ ನಾವು ಲೆಕ್ಕಕ್ಕೆ ತಗೊಳ್ಳಬೇಕಾಗಿಲ್ಲ."

ಅಮ್ಮಾ, ಅವನು ಬಾಗಿಲು ತೆರೆದು ಹಿಡಿದು ನಿಂತಿದ್ದ. ಹೌದು ಅಂದಿದ್ದರೆ ಸಾಕಿತ್ತು, ಅವತ್ತೇ ಲೈಸೆನ್ಸ್. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ, ನಮ್ಮ ಮಧ್ಯೆ ಇರುವುದು ಸಣ್ಣ ಮನಸ್ತಾಪವಾ? ಬಾಯಿಯವರೆಗೆ ಬಂದಿತ್ತು. "ಜಗಳ ಇದೆ ಸಾರ್, ಬಹಳ ಇದೆ. ಆದ್ರೆ ಅವರು ಬರೆದಿರೋದು ನಿಜ" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಬೀಗದ ಕೈಯ ವಿಷಯವನ್ನೂ ಹೇಳಿದೆ, ಆ ಮನುಷ್ಯನ ಹೊಲಿಗೆಯನ್ನೂ ಹೇಳಿದೆ. ಫಾರಂನಲ್ಲಿ ಅದ್ಯಾವುದೂ ಇರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಹೇಳುವಾಗ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ನನ್ನ ಧ್ವನಿ ನಡುಗುತ್ತಿತ್ತು. ಅವರು ನಾನು ಅಳುತ್ತಿದ್ದೇನೆ ಅಂದುಕೊಂಡು ನನ್ನ ಮುಂದೆಯೂ ನೀರಿಟ್ಟರು.

ಹಿರಿಯ ನರ್ಸು ಕನ್ನಡಕ ತೆಗೆದು ಕೇಳಿದರು, "ನಾಳೆ ಮತ್ತೆ ಇಂಥದ್ದೇ ಬಂದ್ರೆ ಏನ್ಮಾಡ್ತೀರಿ?"

"ಬೀಗದ ಕೈ ಕೊಟ್ಟು ಹೋಗ್ತೀನಿ. ಹೋಗೋದಂತೂ ಹೋಗ್ತೀನಿ."

ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಮಾತಾಡಿಕೊಂಡರು. ಕರೆದು, ಲೈಸೆನ್ಸ್ ಕೊಡುತ್ತೇವೆ, ಆದರೆ ಮೊದಲ ಆರು ತಿಂಗಳು ಇನ್ನೊಬ್ಬ ನರ್ಸಿನ ಉಸ್ತುವಾರಿಯಲ್ಲಿ ಕೆಲಸ ಮಾಡಬೇಕು ಅಂದರು.

ಸರ್ಜಿಕಲ್ ವಾರ್ಡಿನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಉಸ್ತುವಾರಿ ಬೇಕಾದ ನರ್ಸು ಅಂದ ಕೂಡಲೇ ಎರಡು ಕಡೆ ಬಾಗಿಲು ಹಾಕಿದರು. ಕೊನೆಗೆ ಒಂದು ಸಣ್ಣ ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ಸೇರಿಸಿಕೊಂಡಿದ್ದಾರೆ. ಮೊದಲ ದಿನ, ಹೋಗಬೇಕಾದ ನರ್ಸು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು, "ಎಲ್ಲಾ ಆರಾಮಾಗಿದ್ದಾರೆ, ಬರ್ಲಾ?" ಅಂದಳು. "ಬರೋದಿರಲಿ, ಮಂಚದ ಹತ್ರ ಬಂದು ಒಬ್ಬೊಬ್ಬರನ್ನೇ ಹೇಳಿ" ಅಂದೆ. ಅವಳ ಬಸ್ಸು ತಪ್ಪಿತು. ನನಗೆ ಅಲ್ಲಿ ಈಗಾಗಲೇ "ಇನ್‌ಸ್ಪೆಕ್ಟರ್" ಅಂತ ಹೆಸರಿಟ್ಟಿದ್ದಾರೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರಲ್ಲ, ಅದು ಬೈಗುಳ ಅಂತ ನನಗೆ ಇಷ್ಟು ದಿನ ಗೊತ್ತಿರಲಿಲ್ಲ.

ನಿನಗೆ ಥ್ಯಾಂಕ್ಸ್ ಹೇಳುವುದಿಲ್ಲ.

ಮಗಳು


ಆಗಸ್ಟ್ ೨

ಮಗಳೇ,

ಹೊಟ್ಟೆ ಆಪರೇಷನ್ ಆದವನು ಬದುಕಿದ. ಮನೆಗೆ ಹೋಗುವ ದಿನ ನನ್ನನ್ನು ಬೈದು ಹೋದ, ನಾನು ಕೈ ಒತ್ತಿದ್ದು ನೋವಾಯಿತಂತೆ.

ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ಜ್ವರದ ವಾರ್ಡು ಕೀಳು ಅಂದುಕೊಳ್ಳಬೇಡ, ನಾನು ಕಲಿತದ್ದು ಅಲ್ಲೇ. ಕೈ ತೊಳೆದುಕೋ.

ಜಗಳ ಬಹಳ ಇದೆ ಅಂತ ಅವರ ಮುಂದೆ ಹೇಳಿದೆಯಲ್ಲ, ಸರಿಯಾಗಿ ಹೇಳಿದೆ. ಆದರೆ ಆ ಜಗಳದಲ್ಲಿ ಇಲ್ಲಿಯವರೆಗೆ ಮಾತಾಡಿದವಳೆಲ್ಲ ನೀನೇ. ನನ್ನ ಪಾಲಿನದು ಹಾಗೇ ಇದೆ. ಜಂಬ ಅಂದೆ, ಕಬ್ಬಿಣದ ನಾಲಗೆ ಅಂದೆ. ಈಗ ಆ ನಾಲಗೆಯಲ್ಲೇ ಹೇಳುತ್ತೇನೆ.

ವಾರ್ಡು ಬಿಟ್ಟು ಓಡಿದೆ ಅಂತ ನನಗೆ ನಿನ್ನ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲ. ಅಪ್ಪನ ಹತ್ತಿರ ಓಡದೆ ಇನ್ನೆಲ್ಲಿಗೆ ಓಡುತ್ತೀಯ? ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ನಾನು ಮೇಲೆ ಬಂದಾಗ ನೀನು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದೆ. ಒಂದು ಮಾತು ಹೇಳಲಿಲ್ಲ. ಆವತ್ತು ಹೇಳಲಿಲ್ಲ, ಆಮೇಲೆ ಮನೆಯಲ್ಲಿ ಹೇಳಲಿಲ್ಲ, ಊರು ಬಿಡುವಾಗಲೂ ಹೇಳಲಿಲ್ಲ. ಇಷ್ಟು ವರ್ಷ ಒಟ್ಟಿಗೆ ಬದುಕಿದ ಮನುಷ್ಯ ಹೇಗೆ ಹೋದ ಅಂತ ನನಗೆ ಗೊತ್ತಿಲ್ಲ. ನೋವಿತ್ತಾ, ಏನಾದರೂ ಕೇಳಿದರಾ, ನನ್ನನ್ನು ಬೈದರಾ, ಏನೂ ಗೊತ್ತಿಲ್ಲ. ಬೇರೆ ಯಾವ ನರ್ಸಾದರೂ ಹಾಗೆ ಎದ್ದು ಹೋಗಿದ್ದರೆ ತೋಳು ಹಿಡಿದು ನಿಲ್ಲಿಸಿ ಕೇಳುತ್ತಿದ್ದೆ. ನಿನ್ನನ್ನು ಕೇಳಲು ಬಾಯಿ ಬರಲಿಲ್ಲ, ನೀನಾಗಿ ಕೊಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತ ನನಗೂ ಗೊತ್ತು.

ನನ್ನ ಮಗಳು ಈಗ ಲೈಸೆನ್ಸ್ ಇರುವ ನರ್ಸು. ಅವರ ಕೊನೆಯ ಹೊತ್ತಿಗೆ ಡ್ಯೂಟಿಯಲ್ಲಿದ್ದವಳು ನೀನು, ನಿನ್ನ ನಂತರ ಬಂದವಳು ನಾನು. ನನಗೆ ಅವರನ್ನು ಒಪ್ಪಿಸು. ಸಮಾಧಾನದ ಮಾತು ಬೇಡ, ಆದದ್ದನ್ನು ಆದ ಹಾಗೆ ಬರೆ.

ಅಮ್ಮ


ಆಗಸ್ಟ್ ೨೧

ಅಮ್ಮಾ,

ಬರೆದು ಬರೆದು ಹರಿದು ಹಾಕಿದೆ. ಮೊದಲು ನಿನಗೆ ಉತ್ತರ ಕೊಡಲು ಶುರು ಮಾಡುತ್ತಿದ್ದೆ, ಅದು ಮತ್ತೆ ಜಗಳವಾಗುತ್ತಿತ್ತು. ಈಗ ಬರೀ ಕೇಳಿದ್ದನ್ನು ಬರೆಯುತ್ತೇನೆ.

ಗಂಡಸು, ಟೈಲರ್. ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ. ನಾನು ಹೋದಾಗ ಎಚ್ಚರವಿದ್ದರು, ನನ್ನ ಗುರುತು ಹಿಡಿದರು. ಉಸಿರು ಮಧ್ಯೆ ಮಧ್ಯೆ ನಿಂತು ಮತ್ತೆ ಬರುತ್ತಿತ್ತು. ಕೈಕಾಲು ತಣ್ಣಗಿದ್ದವು, ಉಗುರು ನೀಲಿ ತಿರುಗಿತ್ತು. ನಾಡಿ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನೋವಿದೆಯಾ ಅಂತ ಕೇಳಿದೆ, ಇಲ್ಲ ಅಂತ ತಲೆಯಾಡಿಸಿದರು. ನನಗೆ ಸುಳ್ಳು ಅನಿಸಲಿಲ್ಲ, ಹುಬ್ಬು ಗಂಟಿಕ್ಕಿರಲಿಲ್ಲ. ನೀರು ಕೇಳಿದರು. ಎರಡು ಚಮಚ ಕೊಟ್ಟೆ, ಒಂದು ಒಳಗೆ ಹೋಯಿತು, ಒಂದು ಹೊರಗೆ ಬಂತು. ಒರೆಸಿದೆ.

ಅಮ್ಮ ಎಲ್ಲಿ ಅಂದರು. ಬರ್ತಾ ಇದ್ದಾಳೆ ಅಂದೆ. "ಕೆಳಗೆ ಯಾರಿಗೋ ಬೈತಾ ಇರ್ತಾಳೆ ಬಿಡು" ಅಂದರು. ಅವರ ಮಾತಿಗೆ ಅವರಿಗೇ ನಗು ಬಂತು, ನಗು ಕೆಮ್ಮಾಯಿತು. ಬೈಗುಳದ ಹಾಗೆ ಹೇಳಲಿಲ್ಲ. ನನಗೆ ನಗು ಬರಲಿಲ್ಲ, ನಾನು ಬಾಗಿಲನ್ನೇ ನೋಡುತ್ತಿದ್ದೆ.

ಆಮೇಲೆ ಎಡ ಮಗ್ಗುಲಿಗೆ ತಿರುಗಿಸು ಅಂದರು. ಆ ಭುಜ ನೋಯುತ್ತಲ್ಲಪ್ಪಾ, ಬಲಕ್ಕೆ ತಿರುಗಿಸ್ತೀನಿ ಅಂದೆ. "ಇಲ್ಲ, ಎಡಕ್ಕೆ" ಅಂದರು. ಬೆನ್ನಿಗೆ ದಿಂಬು ಕೊಟ್ಟು ತಿರುಗಿಸಿದೆ. ಅದೇ ಕೊನೆಯ ಮಾತು. ಕೈಯನ್ನು ಹಾಸಿಗೆಯ ಮೇಲೆ ಮುಂದಕ್ಕೆ ಚಾಚಿ ಇಟ್ಟುಕೊಂಡರು. ಆ ಕಡೆ ಹೋಗಿ ಕೂತು ಅದನ್ನು ಹಿಡಿದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಂತಿತು, ಈ ಸಲ ಮತ್ತೆ ಬರಲಿಲ್ಲ. ಡಾಕ್ಟರು ಬಂದು ನೋಡಿದರು. ಕಣ್ಣು ನಾನೇ ಮುಚ್ಚಿದೆ. ಒದ್ದಾಡಲಿಲ್ಲ ಅಮ್ಮಾ.

ಬಿಟ್ಟದ್ದು ಏನೂ ಇಲ್ಲ. ನನ್ನ ಕೋಪ ಇನ್ನೂ ಇಳಿದಿಲ್ಲ, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಮಗಳು


ಸೆಪ್ಟೆಂಬರ್ ೪

ಮಗಳೇ,

ಕಾಗದ ಸೇರಿತು. ಒಪ್ಪಿಕೊಂಡಿದ್ದೇನೆ.

ಒಂದು ಕೇಳಬೇಕು. ಎಡ ಮಗ್ಗುಲು ಅಂತ ಬರೆದಿದ್ದೀಯ. ಅವರೇ ಬಾಯಿಬಿಟ್ಟು ಎಡಕ್ಕೆ ಅಂದರು ತಾನೇ? ನೀನು ಬಲಕ್ಕೆ ಅಂದ ಮೇಲೂ?

ಬಿದ್ದು ಆ ಭುಜ ಮುರಿದ ಮೇಲೆ ಅವರಿಗೆ ಎಡಕ್ಕೆ ಮಲಗಿದರೆ ನೋಯುತ್ತಿತ್ತು. ಆದರೂ ಮನೆಯಲ್ಲಿ ದಿನಾ ಎಡಕ್ಕೇ ಮಲಗುತ್ತಿದ್ದರು, ಬೆಳಿಗ್ಗೆ ಎದ್ದು ಭುಜ ಹಿಡಿದುಕೊಂಡು ನರಳುತ್ತಿದ್ದರು. ನರ್ಸಿನ ಗಂಡನಿಗೆ ಇಷ್ಟೂ ಬುದ್ಧಿ ಬೇಡವಾ, ಬಲಕ್ಕೆ ಮಲಗಿ ಸಾಯಬಾರದಾ ಅಂತ ನಾನು ಬೈಯದ ದಿನವಿಲ್ಲ. "ಆ ಕಡೆ ಬರೀ ಗೋಡೆ ಕಣೇ" ಅನ್ನುತ್ತಿದ್ದರು.

ಮಂಚದಲ್ಲಿ ಅವರ ಎಡಗಡೆ ನಾನು ಮಲಗುತ್ತಿದ್ದೆ.

ಅಮ್ಮ